ಹನ್ನೊಂದನೇ ಬೆಂಡೆಗಿಡ

ನರಗಳು ಹಸಿರು, ನರಗಳ ನಡುವಿನ ಜಾಗ ಹಳದಿ. ಅಂಗೈ ಅಗಲದ ಆ ಬೆಂಡೆ ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ಹಳದಿ ಕಾಗದದ ಮೇಲೆ ಯಾರೋ ಹಸಿರು ಶಾಯಿಯಲ್ಲಿ ನದಿಗಳ ನಕ್ಷೆ ಬರೆದ ಹಾಗಿತ್ತು. ತೊಟ್ಟಿನಿಂದ ಹೊರಟ ಐದು ದೊಡ್ಡ ನದಿಗಳು, ಅವುಗಳಿಗೆ ಬಂದು ಸೇರುವ ಸಣ್ಣವು. ಸಣ್ಣವನ್ನು ಎಣಿಸುತ್ತಾ ಇಪ್ಪತ್ತಮೂರಕ್ಕೆ ಬಂದಿದ್ದೆ. ಅಷ್ಟರಲ್ಲಿ ಅಜ್ಜಿ ಬೆನ್ನ ಹಿಂದೆ ಬಂದು ನಿಂತಳು.

"ಅದ್ನೇನ್ ಅಂಗ್ ನೋಡ್ತಾ ಕೂತಿದ್ದೀಯಮ್ಮಿ? ನಂಜು ರೋಗ ಅದು, ಮದ್ದಿಲ್ಲ ಅದ್ಕೆ. ನಾಳೆ ಬೆಳಗ್ಗೆ ಎಲ್ಲಾನೂ ಕಿತ್ತಾಕ್ಬುಡ್ತೀನಿ."

ಆಗ ನನಗೆ ಹತ್ತು ವರ್ಷ. ಒಂಟಿಕೊಪ್ಪಲಿನ ಮನೆಗಳ ಹಿಂದೆ ಆಗಿನ್ನೂ ಮಣ್ಣು ಇದ್ದ ಕಾಲ. ನೀವೂ ಅಂಥ ಹಿತ್ತಿಲಿನಲ್ಲಿ ಆಡಿದವರಾದರೆ ಅಲ್ಲಿನ ಬೆಳಗಿನ ವಾಸನೆ ನಿಮಗೂ ನೆನಪಿರಬಹುದು: ಒದ್ದೆ ಮಣ್ಣು, ಕರಿಬೇವು, ಬಚ್ಚಲೊಲೆಯ ಹೊಗೆ. ಅಪ್ಪನಿಗೆ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಮೊದಲ ಪಾಳಿ. ಆರರ ಒಳಗೆ ಅವರ ಸ್ನಾನವಾಗಬೇಕಾದ್ದರಿಂದ ಅಜ್ಜಿ ಐದಕ್ಕೇ ಎದ್ದು ತಾಮ್ರದ ಹಂಡೆಯ ಕೆಳಗೆ ಸೌದೆ ಒಟ್ಟುತ್ತಿದ್ದಳು. ನಾನು ಏಳುವಷ್ಟರಲ್ಲಿ ಒಲೆ ಆರಿ, ಬೂದಿ ತಣ್ಣಗಾಗಿ, ಜರಡಿ ಹಿಡಿದು, ಪುಟ್ಟಿಗೆ ತುಂಬಿ, ಗಿಡಗಳ ಬುಡಕ್ಕೂ ಎಲೆಗಳ ಮೇಲಕ್ಕೂ ಎರಚಿಯಾಗಿರುತ್ತಿತ್ತು.

ಬೂದಿ ಅಂದರೆ ನಮ್ಮ ಬೀದಿಯಲ್ಲಿ ಅಜ್ಜಿಯೇ. ಅವಳು ಮದುವೆಯಾದಾಗಿನಿಂದ ಹಳ್ಳಿಯಲ್ಲಿ ಹೊಲ ಮಾಡಿದವಳು. ಅಪ್ಪನ ಕೆಲಸದ ಕಾರಣ ಪಟ್ಟಣಕ್ಕೆ ಬಂದ ಮೇಲೆ ಅವಳಿಗೆ ಉಳಿದದ್ದು ಹನ್ನೆರಡು ಅಡಿ ಅಗಲದ ಹಿತ್ತಿಲು, ಮತ್ತು ಗಿಡದ ವಿಷಯದಲ್ಲಿ ಅವಳ ಮಾತೇ ಕೊನೆ ಎಂಬ ಹೆಸರು. ಯಾರ ಮನೆಯ ಬದನೆಗೆ ಹೇನು ಬಿದ್ದರೂ, ಯಾರ ಅವರೆ ಹೂ ಉದುರಿದರೂ ತೆಂಗಿನ ಚಿಪ್ಪು ಹಿಡಿದು ಬರುತ್ತಿದ್ದರು. "ನಿಂಗಮ್ಮನೋರೇ, ಒಂಚೂರು ಬೂದಿ ಕೊಡಿ." ಅಜ್ಜಿ ಕೊಡುತ್ತಿದ್ದಳು, ಜೊತೆಗೆ ಎರಡು ಬೈಗುಳವನ್ನೂ ಕೊಡುತ್ತಿದ್ದಳು. ಆ ವರ್ಷ ಬೇಸಿಗೆಯ ಗಾಳಿಮಳೆಗೆ ಬೀದಿ ತುದಿಯ ಗುಲ್‌ಮೊಹರ್ ಮರ ಬಿದ್ದು ನಮ್ಮ ಮನೆಗೆ ಒಂದು ಗಾಡಿ ಸೌದೆ ಬಂದಿತ್ತು. ಸೌದೆ ಹೆಚ್ಚಾಯಿತು, ಬೂದಿಯೂ ಹೆಚ್ಚಾಯಿತು.

ಬೆಂಡೆ ಹೋದರೆ ಹೋಗಲಿ ಅನ್ನುವಂತಿರಲಿಲ್ಲ. ಕಾರಣ ಪಕ್ಕದ ಮನೆಯ ಐರಿನ್ ಟೀಚರ್. ತಾತನ ಕಾಲಕ್ಕೇ ಮಂಗಳೂರಿನ ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಕುಟುಂಬ ಅವರದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾಗಿದ್ದರು. ಸೆಪ್ಟೆಂಬರ್ ಎಂಟಕ್ಕೆ ಅವರ ಮನೆಯಲ್ಲಿ ಮೊಂತಿ ಹಬ್ಬ, ಅಂದರೆ ಮಾತೆ ಮೇರಿಯ ಹುಟ್ಟುಹಬ್ಬ. ಅವತ್ತು ಮೀನು ಮಾಂಸ ಇಲ್ಲ. ಬಾಳೆ ಎಲೆಯ ಮೇಲೆ ತರಕಾರಿ ಊಟ, ಮತ್ತು ತರಕಾರಿಗಳ ಲೆಕ್ಕ ಬೆಸವಾಗಿರಬೇಕು. ಐದು, ಏಳು, ಒಂಬತ್ತು. ಟೀಚರ್ ಮನೆಯಲ್ಲಿ ಯಾವಾಗಲೂ ಒಂಬತ್ತು. ಅದರಲ್ಲಿ ಎಂಟು ಮಾರ್ಕೆಟ್ಟಿನಿಂದ ಬರಬಹುದು, ಒಂದಾದರೂ ಕಣ್ಣೆದುರಿಗೆ ಬೆಳೆದದ್ದಾಗಿರಬೇಕು ಎಂದು ಅವರ ತಾಯಿ ಮಾಡಿದ್ದ ನಿಯಮ. ನಾನು ಹುಟ್ಟುವ ಮೊದಲಿನಿಂದಲೂ ಆ ಒಂಬತ್ತನೆಯದು ನಮ್ಮ ಅಜ್ಜಿಯ ಬೆಂಡೆ. ಹಬ್ಬದ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಅವರ ಬಾಗಿಲು ತಟ್ಟುತ್ತಿದ್ದೆ. ಒಳಗಿನಿಂದ "ಯಾರು?" ಎಂದರೆ ಹೆಸರು ಹೇಳಕೂಡದು. ಅಜ್ಜಿ ಕಲಿಸಿದ್ದಂತೆ "ಒಂಬತ್ತನೇದು" ಅನ್ನಬೇಕು.

ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಹನ್ನೊಂದು ಗಿಡಗಳ ಸಾಲು ಹಳದಿಗೆ ತಿರುಗಿ ನಿಂತಿತ್ತು.

ನಾನು ಕಿತ್ತ ಎಲೆಯನ್ನು ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು ಟೀಚರ್ ಮನೆಗೆ ಹೋದೆ. ನಾನು ಮಾತು ಕಡಿಮೆಯ ಹುಡುಗಿ. ಬೀದಿಯ ಮಕ್ಕಳು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿದ್ದೆ, ಕರೆಯದಿದ್ದರೆ ಕಿಟಕಿಯಿಂದ ನೋಡುತ್ತಿದ್ದೆ. ಆದರೆ ಟೀಚರ್‌ಗೆ ಪ್ರಶ್ನೆ ಕೇಳುವುದು ಕಷ್ಟವಾಗುತ್ತಿರಲಿಲ್ಲ, ಯಾಕೆಂದರೆ ಅವರು ಉತ್ತರದ ಬದಲು ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸುತ್ತಿದ್ದರು.

ಕನ್ನಡಕ ಹಣೆಗೇರಿಸಿ ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ನಂಜು ಅಂದ್ರಾ ನಿಮ್ಮಜ್ಜಿ? ನಂಜಾದ್ರೆ ನರ ಹಳದಿಯಾಗತ್ತೆ, ನಡುವೆ ಹಸಿರು ಉಳಿಯತ್ತೆ. ಬಲೆ ಹಾಸಿದ ಹಾಗೆ. ಇಲ್ಲಿ?"

"ಉಲ್ಟಾ" ಎಂದೆ.

"ಉಲ್ಟಾ ತಾನೇ? ಸರಿ. ಇದು ಹಳೇ ಎಲೆನೋ ಹೊಸಾದೋ?"

"ಗೊತ್ತಿಲ್ಲ ಟೀಚರ್. ಸಿಕ್ಕಿದ್ದು ಕಿತ್ತೆ."

"ಸಿಕ್ಕಿದ್ದು ಕೀಳೋದಕ್ಕೆ ಆಡೇ ಸಾಕು, ನೀನ್ಯಾಕೆ? ಹೋಗು, ನೋಡ್ಕೊಂಡು ಬಾ. ಕೆಳಗಿನ ಎಲೆ ಮೊದಲು ಹಳದಿಯಾಗಿದ್ರೆ ಒಂದು ಕಥೆ, ತುದೀದು ಮೊದಲಾಗಿದ್ರೆ ಇನ್ನೊಂದು."

ಓಡಿದೆ. ಹನ್ನೊಂದು ಗಿಡಗಳಿಗೂ ನಂಬರು ಕೊಟ್ಟು, ಒಂದೊಂದರ ಚಿತ್ರ ಬರೆದು, ಹಳದಿ ಇರುವಲ್ಲಿ ಹಳದಿ ಸ್ಕೆಚ್ ಪೆನ್ನು ತಿಕ್ಕಿದೆ. ಕೆಳಗಿನ ಹಳೆಯ ಎಲೆಗಳೆಲ್ಲ ಹಸಿರಾಗಿದ್ದವು. ತುದಿಗೆ ಹೋದಷ್ಟೂ ಹಳದಿ, ತೀರಾ ಎಳೆಯದು ಹೆಚ್ಚುಕಡಿಮೆ ಬಿಳಿ. ಒಂದು, ಎರಡು, ಮೂರು, ಹತ್ತರವರೆಗೂ ಹೀಗೆಯೇ. ಹನ್ನೊಂದನೆಯದಕ್ಕೆ ಬಂದಾಗ ಪೆನ್ನಿನ ಮುಚ್ಚಳ ತೆಗೆದು ಹಾಗೇ ನಿಂತುಬಿಟ್ಟೆ. ಅದರ ತುದಿಯೂ ಹಸಿರು. ಬುಡದಿಂದ ಕುಡಿಯವರೆಗೆ ಕಡು ಹಸಿರು. ಸಾಲಿನ ಕೊನೆಯಲ್ಲಿ, ಗೋಡೆಯ ಮೂಲೆಯಲ್ಲಿ ಇದ್ದದ್ದರಿಂದ ಯಾರೂ ಅದನ್ನು ಬೇರೆಯಾಗಿ ನೋಡಿರಲಿಲ್ಲ.

ಮತ್ತೆ ಓಡಿದೆ. ಟೀಚರ್ ಅಷ್ಟರಲ್ಲಿ ನನಗೆಂದು ಒಂದು ತಟ್ಟೆಯಲ್ಲಿ ಕೋಡುಬಳೆ ಹಾಕಿಟ್ಟಿದ್ದರು. ನಾನು ಮುಟ್ಟಲಿಲ್ಲ.

"ತುದಿ ಮೊದಲು ಅಂದ್ರೆ ಕಬ್ಬಿಣ ಕಮ್ಮಿ" ಎಂದರು. "ಆದ್ರೆ ನಮ್ಮ ಮೈಸೂರು ಮಣ್ಣಿನ ಕೆಂಪೇ ಕಬ್ಬಿಣ. ಇದ್ದೂ ಗಿಡಕ್ಕೆ ಯಾಕೆ ಸಿಕ್ಕಿಲ್ಲ? ಮಣ್ಣು ಸುಣ್ಣದ ಗುಣಕ್ಕೆ ತಿರುಗಿದ್ರೆ ಬೇರಿಗೆ ಕಬ್ಬಿಣ ಎಟಕಲ್ಲ. ಪೆಟ್ಟಿಗೇಲಿಟ್ಟು ಬೀಗ ಹಾಕಿದ ಹಾಗೆ. ಬೀಗ ಹಾಕಿದ್ದು ಯಾರು ಅಂತ ನೀನೇ ಹುಡುಕು. ಕಾಯಿಲೆ ಬಂದಿರೋದನ್ನ ಎಲ್ಲರೂ ನೋಡ್ತಾರೆ ಮರಿ. ಬರದೇ ಇರೋದನ್ನ ನೋಡು."

ನಾನು ಹನ್ನೊಂದನೇ ಗಿಡದ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಅಲ್ಲೊಂದು ಚಪ್ಪಡಿ ಕಲ್ಲಿತ್ತು. ದಿನದ ಪಾತ್ರೆಗಳು ಅಡುಗೆಮನೆಯ ಸಿಂಕಿನಲ್ಲಿ, ಆದರೆ ಗುರುವಾರ ಸಂಜೆ ದೇವರ ಹಿತ್ತಾಳೆ ಸಾಮಾನು, ತಾಮ್ರದ ಚೊಂಬುಗಳನ್ನು ಅಜ್ಜಿ ಈ ಕಲ್ಲಿನ ಮೇಲೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಕಂದು ಬಣ್ಣದ ಆ ನೀರು ಕಲ್ಲಿನಿಂದ ಇಳಿದು ನೇರ ಈ ಗಿಡದ ಬುಡಕ್ಕೆ ಹೋಗುತ್ತಿತ್ತು. ಮತ್ತೆ, ಚೊಂಬುಗಳಿಗೆ ಹಾರುತ್ತದೆಂದು ಅಜ್ಜಿ ಈ ಮೂಲೆಗೆ ಬೂದಿ ಎರಚುತ್ತಿರಲಿಲ್ಲ.

ಹುಣಸೆ ಹುಳಿ. ಹುಳಿಗೆ ಎದುರು ಸುಣ್ಣ. ಹತ್ತು ಗಿಡಗಳಿಗೆ ಸಿಕ್ಕಿ ಹನ್ನೊಂದನೆಯದಕ್ಕೆ ಸಿಗದೇ ಇದ್ದದ್ದು ಒಂದೇ ಒಂದು: ಬೂದಿ.

ಖುಷಿಗೆ ಎದ್ದು ನಿಂತವಳು ಹಾಗೇ ಕೂತುಬಿಟ್ಟೆ. ಬೀಗ ಹಾಕಿದವಳು ಅಜ್ಜಿ.

ಆ ಶನಿವಾರ ಸಂಜೆಯೆಲ್ಲ ಅವಳ ಹಿಂದೆ ಹಿಂದೆ ಸುತ್ತಿದೆ. ಬೆಳ್ಳುಳ್ಳಿ ಬಿಡಿಸಿಕೊಟ್ಟೆ. ದೀಪಕ್ಕೆ ಬತ್ತಿ ಹೊಸೆದುಕೊಟ್ಟೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಬಂದರು. ಎದುರು ಮನೆಯವರಂತೂ ಚಿಪ್ಪು ಹಿಡಿದೇ ಬಂದರು. "ನಿಮ್ಮ ಬೂದಿ ಹಾಕಿದ್ಮೇಲೆ ನಮ್ಮ ಬದನೆ ಎಂಗೆ ಚಿಗುರ್ಕೊಂಡಿದೆ ಗೊತ್ತಾ ನಿಂಗಮ್ಮನೋರೇ!" ಅಜ್ಜಿಯ ಮುಖ ಆಗ ಹೇಗೆ ಅರಳಿತೆಂದರೆ, ನಾನು ಮತ್ತೆ ಬತ್ತಿ ಹೊಸೆಯಲು ಕೂತೆ. ಹೇಳದಿದ್ದರೆ ಬೆಳಿಗ್ಗೆ ಗಿಡ ಹೋಗುತ್ತದೆ. ಹೇಳಿದರೆ ಅಜ್ಜಿಯ ಹೆಸರು ಹೋಗುತ್ತದೆ. ಹತ್ತು ವರ್ಷದವಳಿಗೆ ಅದು ದೊಡ್ಡ ಲೆಕ್ಕ.

ಭಾನುವಾರ ಬೆಳಿಗ್ಗೆ ನಾನು ಹಿತ್ತಿಲಿಗೆ ಬಂದಾಗ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದನೇ ಗಿಡದ ಕತ್ತು ಹಿಡಿದಾಗಿತ್ತು.

"ಅಜ್ಜಿ, ಒಂದ್ ನಿಮಿಷ ತಾಳು!"

ಮೂರು ಸ್ಟೀಲ್ ಲೋಟಗಳನ್ನು ಚಪ್ಪಡಿ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಮೂರರಲ್ಲೂ ಅರಿಶಿನದ ನೀರು. ಮೊದಲನೆಯದಕ್ಕೆ ಬರೀ ನೀರು ಹಾಕಿದೆ, ಹಳದಿಯಾಗಿಯೇ ಇತ್ತು. ಎರಡನೆಯದಕ್ಕೆ ಹುಣಸೆ ನೀರು ಹಾಕಿದೆ, ಆಗಲೂ ಹಳದಿ. ಮೂರನೆಯದಕ್ಕೆ, ಬೂದಿಯನ್ನು ನೆನೆಹಾಕಿ ಬಸಿದಿಟ್ಟ ತಿಳಿನೀರು. ಸುರಿಯುವಾಗ ಸ್ವಲ್ಪ ಕಲ್ಲಿನ ಮೇಲೂ ಚೆಲ್ಲಿತು. ಲೋಟದೊಳಗೆ ಒಂದು ಕೆಂಪು ಎಳೆ ಇಳಿಯಿತು, ಸುತ್ತಿಕೊಂಡಿತು, ನೋಡುತ್ತಿದ್ದ ಹಾಗೇ ಪೂರ್ತಿ ಕೆಂಪಾಯಿತು.

ಅಜ್ಜಿ ಗಿಡದ ಕತ್ತು ಬಿಟ್ಟು ಬಗ್ಗಿ ನೋಡಿದಳು. ಎಷ್ಟೋ ಆರತಿ ತಟ್ಟೆಗಳಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡಿದ ಕೈ ಅದು. ಅವಳಿಗೆ ನಾನು ವಿವರಿಸಬೇಕಾದ್ದು ಏನೂ ಇರಲಿಲ್ಲ.

"ಓಕುಳಿ" ಎಂದಳು. ಲೋಟ ಎತ್ತಿ ಮೂಸಿ, "ಬೂದಿ ನೀರಾ ಅದು?"

ತಲೆ ಆಡಿಸಿದೆ.

"ಅಂಗಾದ್ರೆ ದಿನಾ ಬೆಳಗ್ಗೆ ಇವಕ್ಕೆ ನಾನು ಸುಣ್ಣ ಉಣ್ಣುಸ್ದಂಗಾಯ್ತು." ಅವಳು ಸಾಲಿನ ಉದ್ದಕ್ಕೂ ನೋಡಿದಳು. ಕಣ್ಣು ಹನ್ನೊಂದನೆಯದರ ಮೇಲೆ ನಿಂತಿತು, ಅಲ್ಲಿಂದ ಕಲ್ಲಿಗೆ ಬಂತು, ಕಲ್ಲಿನಿಂದ ನನ್ನ ಕಡೆಗೆ. "ಯಾವಾಗ ಗೊತ್ತಾಯ್ತು ನಿಂಗೆ?"

"ನಿನ್ನೆ."

"ನಿನ್ನೇನೇ ಯಾಕ್ ಏಳ್ನಿಲ್ಲ? ಬೈತೀನಿ ಅಂತಾನಾ?"

"ಅಲ್ಲ. ನಿಂಗೆ ಬೇಜಾರಾಗತ್ತೆ ಅಂತ."

ಅಜ್ಜಿ ಜೋರಾಗಿ ನಕ್ಕುಬಿಟ್ಟಳು. "ಬೂದಿಗ್ಯಾಕಮ್ಮಿ ಬೇಜಾರು! ಊರಲ್ಲಿ ಒಂದ್ ಹೊಲಕ್ಕೆ ಆಕ್ತಿದ್ದಷ್ಟು ಬೂದೀನ ಇಲ್ಲಿ ಹತ್ತ್ ಗಿಡಕ್ಕೆ ಆಕ್ದೆ. ಅಕ್ಕರೆ ಎಚ್ಚಾಯ್ತು, ಅಷ್ಟೇಯ." ಆಮೇಲೆ ಪುಟ್ಟಿ ಎತ್ತಿಕೊಂಡು ಹೋಗಿ ಬಚ್ಚಲ ಮೂಲೆಯಲ್ಲಿ ಬೋರಲು ಹಾಕಿದಳು. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಕಾಂಪೌಂಡಿನ ಆಚೆ, ಚರ್ಚಿನಿಂದ ಆಗ ತಾನೇ ಬಂದಿದ್ದ ಟೀಚರ್ ಭಾನುವಾರದ ಸೀರೆಯಲ್ಲೇ ಕತ್ತು ಉದ್ದ ಮಾಡಿ ನಿಂತಿದ್ದರು. "ಏನಾಯ್ತು ನಿಂಗಮ್ಮನವರೇ, ತೀರ್ಪು?"

"ಗಲ್ಲು ತಪ್ತು ಟೀಚರಮ್ಮ. ಲಾಯರಮ್ಮ ಬಲು ಜೋರಾಗವ್ಳೆ."

ಲೋಟಗಳನ್ನು ತೊಳೆಯುವ ನೆಪದಲ್ಲಿ ಒಳಗೆ ಓಡಿದೆ, ಓಡುವಾಗ ಕುಣಿದೆ. ಯಾರೂ ನೋಡಲಿಲ್ಲವೆಂದು ಈಗಲೂ ನಂಬಿದ್ದೇನೆ.

ಮಣ್ಣಿನ ಗುಣ ತಿರುಗಲು ತಿಂಗಳುಗಳು ಬೇಕು, ಹಬ್ಬಕ್ಕೆ ಉಳಿದದ್ದು ಎರಡು ವಾರ. ಬುಡಕ್ಕೆ ಗೊಬ್ಬರ, ಒಣ ಎಲೆ ಹೊದಿಸಿ, ಎಲೆಗಳಿಗೇ ನೇರವಾಗಿ ಕಬ್ಬಿಣ ಕುಡಿಸಬೇಕು ಎಂದರು ಟೀಚರ್. ಅದಕ್ಕೆ ಬೇಕಾದ್ದು ಅನ್ನಭೇದಿ, ಕಬ್ಬಿಣದ ಹಸಿರು ಉಪ್ಪು. ಸೋಮವಾರ ಸ್ಕೂಲು ಬಿಟ್ಟ ಮೇಲೆ ಅಜ್ಜಿಯ ಕೈ ಹಿಡಿದು ಮಾರ್ಕೆಟ್ಟಿನ ಹತ್ತಿರದ ಗ್ರಂದಿಗೆ ಅಂಗಡಿಗೆ ಹೋದೆ. ಬೇರು, ನಾರು, ಕರ್ಪೂರ, ಒಣಶುಂಠಿ ಎಲ್ಲ ಸೇರಿದ ಆ ಅಂಗಡಿಯ ವಾಸನೆಗೆ ಅಜ್ಜಿ ಎರಡು ಸಲ ಸೀನಿದಳು.

"ಅನ್ನಭೇದಿ ಯಾರಿಗಮ್ಮ?" ಎಂದ ಅಂಗಡಿಯವರು ಅಜ್ಜಿಯ ಮುಖ ನೋಡಿದರು.

"ಬೆಂಡೆಗಿಡಕ್ಕೆ" ಎಂದೆ.

"ಏನು, ಗಿಡಕ್ಕೂ ರಕ್ತ ಕಮ್ಮಿನಾ?"

"ಊಂ ಕಣಪ್ಪ" ಎಂದಳು ಅಜ್ಜಿ. "ನಂಗೂ ಡಾಕ್ಟ್ರು ಅದ್ನೇ ಏಳವ್ರೆ. ಇಬ್ರೂ ಒಂದೇ ವಾರ್ಡು."

ಪುಡಿ ತಿಳಿ ಹಸಿರು, ಸಮುದ್ರ ಹೀಗಿರಬಹುದು ಎಂದು ನಾನಂದುಕೊಂಡಿದ್ದ ಬಣ್ಣ. ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ, ಅರ್ಧ ನಿಂಬೆಹಣ್ಣಿನ ರಸ, ಅಪ್ಪನ ಅಂಗಿಗಳಿಗೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಬಿಸಿಲು ಇಳಿದ ಮೇಲೆ ಎಲೆಯ ಮೇಲೂ ಕೆಳಗೂ ಹೊಡೆಯಬೇಕು. ನಾನು ಹೊಡೆದೆ. ಉತ್ಸಾಹ ತಡೆಯಲಾರದೆ ಎರಡನೇ ಗಿಡಕ್ಕೆ ಒಂದು ಚಿಟಿಕೆ ಜಾಸ್ತಿ ಹಾಕಿ ಹೊಡೆದೆ. ಬುಧವಾರದ ಹೊತ್ತಿಗೆ ಅದರ ಎಲೆಯ ಮೇಲೆಲ್ಲ ಸುಟ್ಟ ಚುಕ್ಕೆ. ಅಜ್ಜಿ ಚುಕ್ಕೆಗಳನ್ನು ನೋಡಿ, ನನ್ನನ್ನೂ ನೋಡಿ, "ನೀನು ನನ್ನ ಮೊಮ್ಮಗಳೇ ಕಣಮ್ಮಿ, ಅನುಮಾನವೇ ಇಲ್ಲ" ಎಂದಳು.

ಗುರುವಾರ ಇನ್ನೊಂದು ಪತ್ತೆಯಾಯಿತು. ಮೂರನೇ ಗಿಡದ ಬುಡದಲ್ಲಿ ಒಣ ಎಲೆ ಸರಿಸಿದಾಗ ಕೆಂಪಗೆ ಏನೋ ಕಂಡಿತು. ಮೆತ್ತಗಾಗಿದ್ದ ಮಾತ್ರೆ. ನಾಲ್ಕನೆಯದರ ಬುಡದಲ್ಲೂ ಒಂದು, ಐದನೆಯದರಲ್ಲೂ. ಡಾಕ್ಟರು ಅಜ್ಜಿಗೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು!

"ಅಜ್ಜಿ, ಇದೇನಿದು?"

"ಮೆತ್ತಗ್ ಮಾತಾಡು, ನಿಮ್ಮಪ್ಪಂಗೆ ಕೇಳ್ಸಾದು. ಬಾಯೆಲ್ಲಾ ತುಕ್ಕು ತುಕ್ಕು ಅಂತದೆ ಕಣೆ ಆ ಮಾತ್ರೆ. ಒಂದಿನ ನಂಗೆ, ಒಂದಿನ ಅವಕ್ಕೆ."

ಅವತ್ತಿನಿಂದ ರಾತ್ರಿ ಊಟವಾದ ಮೇಲೆ ಅಜ್ಜಿ ಮಾತ್ರೆ ನುಂಗುವವರೆಗೂ ಲೋಟ ಹಿಡಿದು ಎದುರು ನಿಲ್ಲುವ ಕೆಲಸ ನನ್ನದಾಯಿತು. ನೋಟ್‌ಬುಕ್ಕಿನಲ್ಲಿ ಅವಳಿಗೂ ಒಂದು ನಂಬರು ಕೊಟ್ಟೆ. ಹನ್ನೆರಡು.

ಕಾಯುವುದು ಇಷ್ಟು ರೋಮಾಂಚನ ಎಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹಿತ್ತಿಲು, ಸ್ಕೂಲಿನಿಂದ ಬಂದು ಚೀಲ ಇಳಿಸುವ ಮೊದಲು ಹಿತ್ತಿಲು. ಶುಕ್ರವಾರ ಏನೂ ಇಲ್ಲ. ಶನಿವಾರ ಬೆಳಿಗ್ಗೆ ಏಳನೇ ಗಿಡದ ಕುಡಿಯ ಹತ್ತಿರ, ನರದ ಎರಡೂ ಬದಿಗೆ ಹಸಿರು ತುಸು ಒದ್ದೆಯಾಗಿ ಹರಡಿದ ಹಾಗೆ ಕಂಡಿತು. ನದಿ ದಡ ಮೀರಿತ್ತು! ಕಣ್ಣುಜ್ಜಿಕೊಂಡು ನೋಡಿದೆ. ಸ್ಕೆಚ್ ಪೆನ್ನು ತಂದು ಪಕ್ಕಕ್ಕೆ ಹಿಡಿದು ನೋಡಿದೆ. ಹೋಗಿ ಅಜ್ಜಿಯ ಸೆರಗು ಹಿಡಿದು ಎಳೆದುಕೊಂಡು ಬಂದೆ. ಅವಳು ಎಲೆಯನ್ನು ಎರಡು ಬೆರಳಿನ ನಡುವೆ ಸವರಿದಳು, ಮಗುವಿನ ಕೆನ್ನೆ ಸವರಿದ ಹಾಗೆ.

"ಬಂತು ಕಣಮ್ಮಿ, ರಕ್ತ ಬಂತು."

ಸೆಪ್ಟೆಂಬರ್ ಎಂಟರ ಬೆಳಿಗ್ಗೆ ಹದಿನೇಳು ಬೆಂಡೆ ಸಿಕ್ಕವು. ಅರ್ಧ ಹನ್ನೊಂದನೇ ಗಿಡದ್ದೇ. ಟೀಚರ್ ಮನೆಯ ಬಾಗಿಲು ತಟ್ಟಿ "ಒಂಬತ್ತನೇದು" ಎಂದು ಕೂಗಿದೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. ಮಧ್ಯಾಹ್ನ ಅವರ ಊಟದ ಮನೆಯಲ್ಲಿ ತೆಂಗಿನಕಾಯಿ ಮತ್ತು ಜೀರಿಗೆಯ ಘಮ. ಬಾಳೆ ಎಲೆಯ ಸುತ್ತ ನಾನು ಬೆರಳಿಟ್ಟು ಎಣಿಸಿದೆ: ಹೀರೆ, ಅಲಸಂದೆ, ಹರಿವೆ, ಕುಂಬಳ, ತೊಂಡೆ, ಹಾಗಲ, ಸೌತೆ, ಕೆಸು, ಬೆಂಡೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬೆಂಡೆಯನ್ನು ಕೊನೆಗೆಂದು ಉಳಿಸಿಕೊಂಡಿದ್ದಳು.

ಅಜ್ಜಿ ಹೋಗಿ ಆರು ವರ್ಷವಾಯಿತು. ಹಿತ್ತಿಲಿಗೆ ಟೈಲ್ಸ್ ಹಾಕಿಸಿ ಬಾಡಿಗೆಯವರು ಕಾರು ನಿಲ್ಲಿಸುತ್ತಾರೆ; ಚಪ್ಪಡಿ ಕಲ್ಲು ಅದರ ಕೆಳಗೆಲ್ಲೋ ಇರಬೇಕು. ಚಾವಣಿಯ ಮೇಲೆ ಸೋಲಾರ್ ಇದೆ, ಹಂಡೆ ಇಲ್ಲ. ಈಗ ಒಂದು ಹಿಡಿ ಬೂದಿ ಬೇಕೆಂದರೆ ಇಡೀ ಮೈಸೂರಿನಲ್ಲಿ ಯಾರ ಮನೆಗೆ ಚಿಪ್ಪು ಹಿಡಿದು ಹೋಗಬೇಕೋ ನನಗೆ ಗೊತ್ತಿಲ್ಲ. ಓದಿದೆ, ಎಲೆಗಳಿಗೆ ಬರುವ ಇಂಥ ಕೊರತೆಗಳ ಪಾಠವನ್ನು ವಿಶ್ವವಿದ್ಯಾಲಯದಲ್ಲೂ ಕೇಳಿದೆ. ಆದರೆ ಹತ್ತು ವರ್ಷದ ಹುಡುಗಿಯ ಮೂರು ಲೋಟ ನೋಡಿ, ಬದುಕಿಡೀ ನಂಬಿದ್ದನ್ನು ಅಲ್ಲೇ ಬೋರಲು ಹಾಕಿ ನಕ್ಕವರನ್ನು ಮತ್ತೆ ಎಲ್ಲೂ ಕಾಣಲಿಲ್ಲ.

ನಾನೀಗ ಇರುವುದು ಜಯಲಕ್ಷ್ಮಿಪುರಂನ ಎರಡನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ನಾಲ್ಕು ಕುಂಡ, ನಾಲ್ಕರಲ್ಲೂ ಬೆಂಡೆ. ಕಳೆದ ಸೆಪ್ಟೆಂಬರ್ ಏಳರ ಸಂಜೆ ಟೀಚರ್ ಫೋನ್ ಮಾಡಿದರು. ತಮ್ಮನ ಮಗಳ ಸಂಸಾರದೊಂದಿಗೆ ಅದೇ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ, ಪ್ರಶ್ನೆ ಕೇಳುವ ಅಭ್ಯಾಸ ಹೋಗಿಲ್ಲ.

"ಎಂಟಾಗಿದೆ ಕಣೇ" ಎಂದರು. "ಎಲ್ಲಾ ಅಂಗಡೀದು. ಏನು ಮಾಡ್ಲಿ ಹೇಳು?"

ಫೋನ್ ಹಿಡಿದೇ ಬಾಲ್ಕನಿಗೆ ಹೋದೆ. ಮೂರು ಗಿಡ ಚೆನ್ನಾಗಿದ್ದವು. ನಾಲ್ಕನೆಯದರ ಎಳೆಯ ಎಲೆಯನ್ನು ಬೆಳಕಿಗೆ ಎತ್ತಿ ಹಿಡಿದೆ. ನಡುವಿನ ಜಾಗ ಹಸಿರು, ನರ ಹಳದಿ. ಇನ್ನೊಮ್ಮೆ ನೋಡಿದೆ, ಉಲ್ಟಾ ಆಗಿರಲಿ ಎಂದು ಮತ್ತೊಮ್ಮೆ ನೋಡಿದೆ. ಈ ಸಲ ಅಜ್ಜಿ ಹೇಳಿದ್ದೇ ಸರಿ. ನಂಜಿಗೆ ಮದ್ದಿಲ್ಲ.

ಮರುದಿನ ಬೆಳಿಗ್ಗೆ ಆ ಗಿಡವನ್ನು ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಉಳಿದ ಮೂರರಿಂದ ಐದು ಕಾಯಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಒಂಟಿಕೊಪ್ಪಲಿಗೆ ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ "ಯಾರು?" ಎಂದರು. ನಾನು ಹೆಸರು ಹೇಳಲಿಲ್ಲ.